ಕತ್ತಿ ಹಿಡಿದವರಿಗೂ ಮಂತ್ರ ಕೊಟ್ಟ ಗ್ಯಾರಿ ಗೈಗ್ಯಾಕ್ಸ್

ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದನ್ನು ಡೇವ್ ಆರ್ನೆಸನ್ ಜೊತೆ ರೂಪಿಸಿದ ಗ್ಯಾರಿ ಗೈಗ್ಯಾಕ್ಸ್ ಹುಟ್ಟಿದ್ದು 1938ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟವರು. ವಿಮಾ ಕಂಪನಿಯ ಕೆಲಸ ಹೋದ ಮೇಲೆ ಶೂ ರಿಪೇರಿ ಮಾಡಿ ಸಂಸಾರ ತೂಗಿಸಿದರು.

1974ರಲ್ಲಿ ಆಟ ಬಂದಾಗ ಅಚ್ಚಾದದ್ದು 1000 ಪ್ರತಿ. ಪಾತ್ರಗಳು ಮೂರೇ ಬಗೆ: ಯೋಧ, ಮಾಂತ್ರಿಕ, ಪಾದ್ರಿ. ಒಮ್ಮೆ ಪ್ರಯೋಗಿಸಿದ ಮಂತ್ರ ಮರೆತೇಹೋಗುತ್ತದೆ ಎಂಬ ಕಲ್ಪನೆ ಲೇಖಕ ಜಾಕ್ ವ್ಯಾನ್ಸ್ ಕಥೆಗಳಿಂದ ಬಂದದ್ದು.

ಹಾಗಾದರೆ ಯೋಧನೇ ಮಂತ್ರ ಕಲಿತರೆ? 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಗೈಗ್ಯಾಕ್ಸ್ ಒಪ್ಪಿದರು, ಆದರೆ ಸುಂಕ ಹಾಕಿದರು. ಎಲ್ಫ್ ಪಾತ್ರ ಎರಡೂ ಆಗಬಹುದು; ಅನುಭವದ ಅಂಕ ಮಾತ್ರ ಎರಡು ಪಾಲು. ಮನುಷ್ಯ ಪಾತ್ರಕ್ಕೆ ಇನ್ನೂ ಬಿಗಿ: ಹಳೆಯ ವೃತ್ತಿ ಬಿಟ್ಟು ಹೊಸದನ್ನು ಮೊದಲ ಹಂತದಿಂದ ಶುರುಮಾಡಬೇಕು. ಹಳೆಯ ಹಂತ ದಾಟುವ ಮುನ್ನ ಹಳೆಯ ವಿದ್ಯೆ ಬಳಸಿದರೆ ಅಂಕಕ್ಕೇ ಕತ್ತರಿ. ಅತಿಯಾಯಿತು ಅನ್ನಿಸಬಹುದು. ಆದರೆ ಒಬ್ಬನಿಗೇ ಎಲ್ಲ ಬಂದರೆ ಪಕ್ಕದಲ್ಲಿ ಕೂತವನಿಗೆ ಏನು ಕೆಲಸ?

1985ರಲ್ಲಿ ತಾವೇ ಕಟ್ಟಿದ ಟಿಎಸ್‌ಆರ್ ಕಂಪನಿ ಅವರ ಕೈತಪ್ಪಿತು. 2000ದಲ್ಲಿ ಬೇರೆಯವರು ಬರೆದ ಆವೃತ್ತಿ, ಯಾರು ಯಾವ ವೃತ್ತಿಯನ್ನಾದರೂ ಸೇರಿಸಿಕೊಳ್ಳಲಿ ಎಂದಿತು. ಗೈಗ್ಯಾಕ್ಸ್ 2008ರ ಮಾರ್ಚ್ 4ರಂದು, 69ನೇ ವಯಸ್ಸಿನಲ್ಲಿ, ಲೇಕ್ ಜಿನೀವಾ ಊರಿನ ಮನೆಯಲ್ಲಿ ತೀರಿಕೊಂಡರು.