ಬೆಳಕಿನ ತಪಸ್ವಿ ಸಿ. ವಿ. ರಾಮನ್

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ಚಂದ್ರಶೇಖರ ವೆಂಕಟರಾಮನ್ನರು 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿಯನ್ನು ಕಂಡು ಬೆರಗಾದರು. ಅದು ಆಕಾಶದ ಪ್ರತಿಬಿಂಬವೆಂದು ವಿದ್ವಾಂಸರು ನಂಬಿದ್ದರು. ರಾಮನ್ನರು ಪ್ರತಿಫಲಿತ ಬೆಳಕನ್ನು ತಡೆಯುವ ಸ್ಫಟಿಕದ ಮೂಲಕ ನೋಡಿದರು, ನೀಲಿ ಮಾಸಲಿಲ್ಲ. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದರ ಜೊತೆಗೆ ಅದರ ಅಣುಗಳು ಬೆಳಕನ್ನು ಚದುರಿಸುವುದೂ ಆ ಬಣ್ಣಕ್ಕೆ ಕಾರಣ. ಈ ಚದುರುವಿಕೆಯ ಬೆನ್ನು ಹತ್ತಿದ ಅವರು 1928ರ ಫೆಬ್ರವರಿ 28ರಂದು ‘ರಾಮನ್ ಪರಿಣಾಮ’ವನ್ನು ಕಂಡುಹಿಡಿದು, 1930ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ನರು 1948ರಲ್ಲಿ, ಹೆಬ್ಬಾಳದ ದಾರಿಯಲ್ಲಿ ಮೈಸೂರು ಮಹಾರಾಜರು ನೀಡಿದ್ದ ನೆಲದಲ್ಲಿ, ತಮ್ಮದೇ ಸಂಶೋಧನಾಲಯವನ್ನು ತೆರೆದರು. ಸ್ವಾತಂತ್ರ್ಯಕ್ಕೆ ಕುಂದು ಬಂದೀತೆಂದು ಸರ್ಕಾರದ ಹಣವನ್ನು ಬಯಸದೆ, ದೇಣಿಗೆ ಎತ್ತಿ ಅದನ್ನು ನಡೆಸಿದರು. ಅಲ್ಲಿ ಅವರು ಅಕ್ಕರೆಯಿಂದ ಅಭ್ಯಸಿಸಿದ ವಸ್ತುಗಳಲ್ಲಿ ವಜ್ರವೂ ಒಂದು.

ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕಿನ ವೇಗ ವಜ್ರದಲ್ಲಿ ಸುಮಾರು 1.24 ಲಕ್ಷಕ್ಕೆ ಇಳಿಯುತ್ತದೆ. ಓರೆಯಾಗಿ ಬಿದ್ದ ಕಿರಣದ ಒಂದು ಅಂಚು ಮೊದಲು ಒಳಹೊಕ್ಕು ನಿಧಾನವಾಗುತ್ತದೆ. ಇನ್ನೊಂದು ಅಂಚು ಗಾಳಿಯಲ್ಲಿ ಮೊದಲಿನ ವೇಗದಲ್ಲಿಯೇ ಸಾಗುತ್ತಿರುತ್ತದೆ. ಆದುದರಿಂದ ಕಿರಣವು ಬಾಗುತ್ತದೆ. ಇದೇ ವಕ್ರೀಭವನ. ಬೆಳಕಿನ ಅಲೆಯು ವಸ್ತುವಿನ ಇಲೆಕ್ಟ್ರಾನುಗಳನ್ನು ತೂಗಾಡಿಸುತ್ತದೆ. ಅವು ಹೊಮ್ಮಿಸುವ ಬೆಳಕು ಮೂಲದ ಅಲೆಯೊಡನೆ ಬೆರೆತು ಅದರ ನಡೆಯನ್ನು ತಡಮಾಡುತ್ತದೆ. ಕಡಲಿನಲ್ಲಿ ಬೆಳಕನ್ನು ಚದುರಿಸುವುದೂ ಇಂಥದೇ ತೂಗಾಟ. ಬೆಳಕು ಮತ್ತು ವಸ್ತುಗಳ ಈ ನಂಟನ್ನು ಅರಿಯುವುದೇ ಅವರ ಬಾಳಿನ ತಪಸ್ಸಾಯಿತು.

1970ರ ನವೆಂಬರ್ 21ರಂದು ರಾಮನ್ನರು ನಿಧನರಾದರು. ಸಂಶೋಧನಾಲಯದ ತೋಟದಲ್ಲಿಯೇ ಅವರ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಗೋರಿಯಿಲ್ಲ; ಅವರು ಬಯಸಿದಂತೆ ಒಂದು ಮರವನ್ನಷ್ಟೇ ನೆಡಲಾಯಿತು.