ಮದೇರೊ ಕೇಳಿದ್ದು ಒಂದು, ಮೆಕ್ಸಿಕೊ ಪಡೆದದ್ದು ಇನ್ನೊಂದು

ಸಂಸದರಾಗಿ ಎರಡು ಅಥವಾ ಮೂರು ಅವಧಿಗಿಂತ ಹೆಚ್ಚು ಕಾಲ ಯಾರೂ ಮುಂದುವರಿಯಕೂಡದು ಎಂಬ ಮಾತು ಲೋಕಸಭೆ ಚುನಾವಣೆ ಬಂದಾಗಲೆಲ್ಲ ನಮ್ಮ ವಿದ್ಯಾವಂತ ವಲಯದಲ್ಲಿ ಕೇಳಿಬರುತ್ತದೆ. ಸರ್ಕಾರಿ ನೌಕರನಿಗೆ ಅರವತ್ತಕ್ಕೆ ನಿವೃತ್ತಿ ಇರುವಾಗ ಜನಪ್ರತಿನಿಧಿಗೆ ಮಾತ್ರ ಏಕೆ ಇಲ್ಲ ಎಂಬುದು ಈ ವಾದದ ತಿರುಳು. ಸೇವೆಯಲ್ಲಿದ್ದಷ್ಟು ಕಾಲವೂ ನಾನು ಇದನ್ನು ಒಪ್ಪಿಕೊಂಡೇ ಬಂದವನು. ಒಂದೇ ಕ್ಷೇತ್ರವನ್ನು ಪಿತ್ರಾರ್ಜಿತ ಆಸ್ತಿಯಂತೆ ಅನುಭವಿಸುವವರನ್ನು ಕಂಡಾಗ ಹಾಗೆ ಅನ್ನಿಸದಿರುವುದೂ ಕಷ್ಟ. ಆದರೆ ನಿವೃತ್ತಿಯ ಬಿಡುವಿನಲ್ಲಿ ಮೆಕ್ಸಿಕೊ ದೇಶದ ಇತಿಹಾಸವನ್ನು ಓದತೊಡಗಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಶಾಸಕರ ಮರು ಆಯ್ಕೆಯನ್ನು ನಿಷೇಧಿಸಿ ಎಂಟು ದಶಕಗಳ ಕಾಲ ಅದರ ಫಲವನ್ನು ಉಂಡ ದೇಶ ಅದು. ಯಾರ ಹೆಸರಿನಲ್ಲಿ ಈ ನಿಷೇಧ ಜಾರಿಗೆ ಬಂದಿತೋ ಆ ಫ್ರಾನ್ಸಿಸ್ಕೊ ಮದೇರೊ ಅವರ ಬದುಕನ್ನು ತಿಳಿಯದೆ ಈ ಪ್ರಶ್ನೆಯನ್ನು ಚರ್ಚಿಸುವುದು ಅಪೂರ್ಣವೆಂದು ನನಗೆ ತೋರುತ್ತದೆ.

ಮದೇರೊ ಜನಿಸಿದ್ದು 1873ರ ಅಕ್ಟೋಬರ್ 30ರಂದು, ಉತ್ತರ ಮೆಕ್ಸಿಕೊದ ಕೊವಾವಿಲಾ ಪ್ರಾಂತ್ಯದಲ್ಲಿ. ದ್ರಾಕ್ಷಿ ತೋಟ, ಹತ್ತಿ ಬೆಳೆ, ಗಣಿ, ಬ್ಯಾಂಕು ಎಲ್ಲವನ್ನೂ ಹೊಂದಿದ್ದ ಅವರ ಮನೆತನ ದೇಶದ ಅತಿ ಶ್ರೀಮಂತ ಕುಟುಂಬಗಳಲ್ಲಿ ಒಂದಾಗಿತ್ತು. ತಾತ ಎವರಿಸ್ತೊ ಆ ಪ್ರಾಂತ್ಯದ ಗವರ್ನರ್ ಆಗಿದ್ದವರು. ಪ್ಯಾರಿಸ್ಸಿನಲ್ಲಿ ವಾಣಿಜ್ಯವನ್ನೂ ಅಮೆರಿಕದ ಬರ್ಕ್ಲಿಯಲ್ಲಿ ಕೃಷಿಯನ್ನೂ ಕಲಿತ ಯುವಕ ಇಪ್ಪತ್ತರ ವಯಸ್ಸಿನಲ್ಲಿ ಊರಿಗೆ ಮರಳಿ ಕುಟುಂಬದ ಜಮೀನನ್ನು ನೋಡಿಕೊಳ್ಳತೊಡಗಿದರು. ಹತ್ತಿಯ ಹೊಸ ತಳಿ, ನಾಸಾಸ್ ನದಿಯ ನೀರಿನ ಹಂಚಿಕೆ ಇವು ಆಗ ಅವರ ಆಸಕ್ತಿಯ ವಿಷಯಗಳು. ಕೂಲಿಯಾಳುಗಳಿಗೆ ತಾವೇ ಹೋಮಿಯೋಪಥಿ ಔಷಧಿ ಕೊಡುತ್ತಿದ್ದರು. ಮಾಂಸ, ಮದ್ಯಗಳನ್ನು ತ್ಯಜಿಸಿದ್ದರು.

ಮದೇರೊ ಅವರ ಅಂತರಂಗದ ಇನ್ನೊಂದು ಮುಖ ನಮಗೆ ವಿಶೇಷ ಕುತೂಹಲ ಹುಟ್ಟಿಸುವಂಥದ್ದು. ಅಗಲಿದವರ ಆತ್ಮಗಳೊಡನೆ ಸಂಪರ್ಕ ಸಾಧ್ಯವೆಂದು ನಂಬುವ ಪಂಥವೊಂದನ್ನು ಅವರು ಪ್ಯಾರಿಸ್ಸಿನಲ್ಲಿ ಕಂಡುಕೊಂಡಿದ್ದರು. ಆ ದಾರಿಯಲ್ಲೇ ಭಗವದ್ಗೀತೆ ಅವರ ಕೈಗೆ ಬಂದಿತು. ಗೀತೆಗೆ ಟಿಪ್ಪಣಿಗಳನ್ನು ಬರೆದಾಗ ಅವರು ಇಟ್ಟುಕೊಂಡ ಕಾವ್ಯನಾಮ ಅರ್ಜುನ. 1911ರಲ್ಲಿ ತಮ್ಮ ಪಂಥದ ಕೈಪಿಡಿಯೊಂದನ್ನು ಭೀಮ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಫಲಾಪೇಕ್ಷೆಯಿಲ್ಲದೆ ಕರ್ತವ್ಯ ಮಾಡಬೇಕೆಂಬ ಬೋಧೆಯನ್ನು ಆ ಜಮೀನ್ದಾರನ ಮಗ ರಾಜಕಾರಣಕ್ಕೆ ಅನ್ವಯಿಸಿಕೊಂಡದ್ದು ಅವರ ಶಕ್ತಿಯೂ ಆಯಿತು, ದೌರ್ಬಲ್ಯವೂ ಆಯಿತು.

ಆ ಕಾಲದ ಮೆಕ್ಸಿಕೊವನ್ನು ಆಳುತ್ತಿದ್ದವರು ಜನರಲ್ ಪೋರ್ಫಿರಿಯೊ ದಿಯಾಸ್. ಅವರ ಕಥೆಯಲ್ಲೊಂದು ಕ್ರೂರ ವ್ಯಂಗ್ಯವಿದೆ. 1871ರಲ್ಲಿ ಅಧ್ಯಕ್ಷ ಹುವಾರೆಸ್ ಅವರ ಮರು ಆಯ್ಕೆಯನ್ನು ವಿರೋಧಿಸಿ ದಂಗೆ ಎದ್ದು ಸೋತವರು ಇದೇ ದಿಯಾಸ್. 1876ರಲ್ಲಿ ಇನ್ನೊಬ್ಬ ಅಧ್ಯಕ್ಷರ ಮರು ಆಯ್ಕೆಯನ್ನು ವಿರೋಧಿಸಿಯೇ ಅವರು ಅಧಿಕಾರ ಹಿಡಿದರು. 1880ರಿಂದ ನಾಲ್ಕು ವರ್ಷ ಕುರ್ಚಿಯನ್ನು ಸ್ನೇಹಿತರೊಬ್ಬರಿಗೆ ಬಿಟ್ಟುಕೊಟ್ಟದ್ದನ್ನು ಹೊರತುಪಡಿಸಿದರೆ, ಅಲ್ಲಿಂದ 1911ರವರೆಗೆ ಕೆಳಗಿಳಿಯಲಿಲ್ಲ. ಸಂವಿಧಾನ ಅಡ್ಡ ಬಂದಾಗ 1887ರಲ್ಲಿ ಒಮ್ಮೆ, 1890ರಲ್ಲಿ ಮತ್ತೊಮ್ಮೆ ತಿದ್ದಲಾಯಿತು. ರೈಲು ಬಂತು, ವಿದೇಶಿ ಬಂಡವಾಳ ಬಂತು. ಆದರೆ ಮತಪೆಟ್ಟಿಗೆ ಮಾತ್ರ ಪ್ರಹಸನವಾಯಿತು. ಸಂಸತ್ತಿನ ಸದಸ್ಯರ ಪಟ್ಟಿ ಅಧ್ಯಕ್ಷರ ಭವನದಲ್ಲೇ ಸಿದ್ಧವಾಗುತ್ತಿತ್ತು.

1903ರ ಏಪ್ರಿಲ್‌ನಲ್ಲಿ ಮಾಂಟೆರೆ ನಗರದಲ್ಲಿ ಗವರ್ನರ್ ಒಬ್ಬರ ಮರು ಆಯ್ಕೆಯನ್ನು ವಿರೋಧಿಸಿ ಮೆರವಣಿಗೆ ನಡೆಸಿದವರ ಮೇಲೆ ಗುಂಡು ಹಾರಿಸಲಾಯಿತು. ಮದೇರೊ ರಾಜಕೀಯಕ್ಕೆ ಇಳಿಯಲು ಈ ಘಟನೆ ಕಾರಣವಾಯಿತು. ಮೊದಲು ಪುರಸಭೆಯ ಮಟ್ಟದಲ್ಲಿ, ಬಳಿಕ 1905ರಲ್ಲಿ ಪ್ರಾಂತ್ಯದ ಮಟ್ಟದಲ್ಲಿ ಅವರ ಬಣ ಸ್ಪರ್ಧಿಸಿ ಸೋತಿತು. 1908ರಲ್ಲಿ ದಿಯಾಸ್ ಅಮೆರಿಕದ ಪತ್ರಕರ್ತರೊಬ್ಬರ ಮುಂದೆ ತಾವು ಇನ್ನು ನಿವೃತ್ತರಾಗುವುದಾಗಿಯೂ ವಿರೋಧ ಪಕ್ಷವನ್ನು ಸ್ವಾಗತಿಸುವುದಾಗಿಯೂ ಹೇಳಿದರು. ಈ ಮಾತನ್ನು ಮದೇರೊ ಅಕ್ಷರಶಃ ನಂಬಿದರೋ ಅಥವಾ ನಂಬಿದಂತೆ ನಡೆಯುವುದೇ ಸರಿಯೆಂದು ಭಾವಿಸಿದರೋ, ಅಂತೂ 1910ರ ಅಧ್ಯಕ್ಷೀಯ ಉತ್ತರಾಧಿಕಾರದ ಬಗ್ಗೆ ಒಂದು ಪುಸ್ತಕ ಬರೆದರು. ಅದು ಸೌಜನ್ಯದ ಭಾಷೆಯ ಕೃತಿ. ಒಂದು ಪ್ರತಿಯನ್ನು ಸ್ವತಃ ದಿಯಾಸ್ ಅವರಿಗೇ ಕಳುಹಿಸಿಕೊಟ್ಟರು.

1909ರಲ್ಲಿ ಮರು ಆಯ್ಕೆ ವಿರೋಧಿ ಸಂಘಟನೆ ಹುಟ್ಟಿತು. ಅದರ ಘೋಷಣೆಗೆ ಎರಡು ಭಾಗಗಳಿದ್ದವು. ಮತಕ್ಕೆ ಬೆಲೆ ಇರಬೇಕು ಎಂಬುದು ಮೊದಲನೆಯದು, ಮರು ಆಯ್ಕೆ ಇರಕೂಡದು ಎಂಬುದು ಎರಡನೆಯದು. ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಎತ್ತರದಲ್ಲಿ ಕುಳ್ಳರಾದ, ದನಿಯೂ ಗಡುಸಲ್ಲದ ಈ ಜಮೀನ್ದಾರ ರೈಲಿನಲ್ಲಿ ಊರೂರು ಸುತ್ತಿದಾಗ ಜನ ಸಾಗರದಂತೆ ಸೇರಿದರು. 1910ರ ಜೂನ್‌ನಲ್ಲಿ, ಮತದಾನಕ್ಕೆ ಕೆಲವೇ ದಿನಗಳಿರುವಾಗ, ಅವರನ್ನು ಬಂಧಿಸಿ ಸಾನ್ ಲೂಯಿಸ್ ಪೊತೊಸಿ ನಗರದಲ್ಲಿ ಇರಿಸಲಾಯಿತು. ದಿಯಾಸ್ ಗೆದ್ದರೆಂದು ಘೋಷಿಸಲಾಯಿತು. ಅಕ್ಟೋಬರ್‌ನಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಅಮೆರಿಕದ ಟೆಕ್ಸಾಸ್ ಸೇರಿದ ಮದೇರೊ, ನವೆಂಬರ್ 20ರಂದು ಜನ ದಂಗೆ ಏಳಬೇಕೆಂದು ಕರೆ ಕೊಟ್ಟರು.

ಆ ಕರೆಯ ಪತ್ರದಲ್ಲಿ ಯಾರ ಮರು ಆಯ್ಕೆಯನ್ನು ನಿಷೇಧಿಸಲಾಗಿದೆ ಎಂಬುದನ್ನು ಗಮನಿಸಬೇಕು. ಅಧ್ಯಕ್ಷರು, ಉಪಾಧ್ಯಕ್ಷರು, ಪ್ರಾಂತ್ಯಗಳ ಗವರ್ನರ್‌ಗಳು, ಪುರಸಭೆಗಳ ಅಧ್ಯಕ್ಷರು ಅದರಲ್ಲಿದ್ದಾರೆ. ಸಂಸತ್ತಿನ ಸದಸ್ಯರು ಅದರಲ್ಲಿಲ್ಲ. ಪೊಲೀಸರು, ಖಜಾನೆ ಮತ್ತು ಚುನಾವಣಾ ಯಂತ್ರ ಯಾರ ಕೈಯಲ್ಲಿರುತ್ತದೆಯೋ ಅವರಿಗೆ ಮಿತಿ ಇರಬೇಕೆಂಬುದು ಅವರ ಕಲ್ಪನೆ. ಆ ಅಧಿಕಾರವನ್ನು ಪ್ರಶ್ನಿಸಬೇಕಾದವರಿಗೆ ಮಿತಿ ಹಾಕಲು ಅವರು ಹೊರಟಿರಲಿಲ್ಲ.

1911ರ ಮೇ ತಿಂಗಳಲ್ಲಿ ಗಡಿಯ ಹುವಾರೆಸ್ ನಗರ ಬಂಡುಕೋರರ ವಶವಾಯಿತು. ಮೇ 25ರಂದು ದಿಯಾಸ್ ರಾಜೀನಾಮೆ ಕೊಟ್ಟು ಫ್ರಾನ್ಸಿಗೆ ತೆರಳಿದರು. ಮುಕ್ತ ಚುನಾವಣೆಯಲ್ಲಿ ಗೆದ್ದ ಮದೇರೊ ನವೆಂಬರ್ 6ರಂದು ಅಧಿಕಾರ ಸ್ವೀಕರಿಸಿದರು. ಅವರ ಆಡಳಿತದಲ್ಲಿ ದೋಷಗಳಿದ್ದವು. ಹಳೆಯ ಸೈನ್ಯವನ್ನು ಹಾಗೆಯೇ ಉಳಿಸಿಕೊಂಡರು. ಭೂಮಿಯ ಪ್ರಶ್ನೆಯಲ್ಲಿ ಅವರ ನಡೆ ನಿಧಾನವಾಯಿತೆಂದು ರೈತ ನಾಯಕ ಸಪಾತ ತಿರುಗಿಬಿದ್ದರು. ಇಷ್ಟಾದರೂ 1912ರಲ್ಲಿ ಚುನಾಯಿತವಾದ ಸಂಸತ್ತು ಮೆಕ್ಸಿಕೊ ಕಂಡ ಅತ್ಯಂತ ಸ್ವತಂತ್ರ ಸಂಸತ್ತುಗಳಲ್ಲಿ ಒಂದಾಗಿತ್ತು. ವಿರೋಧಿಗಳು ಅಧ್ಯಕ್ಷರನ್ನು ನಿರ್ದಾಕ್ಷಿಣ್ಯವಾಗಿ ಟೀಕಿಸಿದರು, ಪತ್ರಿಕೆಗಳು ಅವರನ್ನು ವ್ಯಂಗ್ಯಚಿತ್ರಗಳಲ್ಲಿ ಹಂಗಿಸಿದವು. ಮದೇರೊ ಸಹಿಸಿಕೊಂಡರು.

1913ರ ಫೆಬ್ರುವರಿ 9ರಂದು ರಾಜಧಾನಿಯಲ್ಲಿ ಸೈನಿಕ ದಂಗೆ ಶುರುವಾಯಿತು. ಅದನ್ನು ಅಡಗಿಸಲು ನೇಮಕಗೊಂಡ ಜನರಲ್ ವೆರ್ತಾ ಒಳಗೊಳಗೇ ದಂಗೆಕೋರರೊಡನೆ ಕೈಜೋಡಿಸಿದ್ದರು. ಇದನ್ನು ಅರಿತ ಸೋದರ ಗುಸ್ತಾವೊ, ವೆರ್ತಾರನ್ನು ಹಿಡಿದು ರಾತ್ರೋರಾತ್ರಿ ಅಣ್ಣನ ಮುಂದೆ ನಿಲ್ಲಿಸಿದರು. ಮದೇರೊ ಸೇನಾನಿಯ ಸಮಜಾಯಿಷಿಯನ್ನು ನಂಬಿ, ನಿಷ್ಠೆ ಸಾಬೀತುಪಡಿಸಲು ಇಪ್ಪತ್ತನಾಲ್ಕು ಗಂಟೆಗಳ ಕಾಲಾವಕಾಶ ಕೊಟ್ಟು ಬಿಟ್ಟುಬಿಟ್ಟರು. ಅಷ್ಟರೊಳಗೆ ಅಧ್ಯಕ್ಷರೇ ಬಂದಿಯಾದರು. ಗುಸ್ತಾವೊ ಚಿತ್ರಹಿಂಸೆಗೆ ಬಲಿಯಾದರು. ಅಮೆರಿಕದ ಅಂದಿನ ರಾಯಭಾರಿ ಸಂಚುಕೋರರ ಬೆನ್ನಿಗಿದ್ದರು. ಬಲವಂತದ ರಾಜೀನಾಮೆಯ ಬಳಿಕ ಫೆಬ್ರುವರಿ 22ರ ರಾತ್ರಿ ಮದೇರೊ ಮತ್ತು ಉಪಾಧ್ಯಕ್ಷ ಪಿನೊ ಸುವಾರೆಸ್ ಅವರನ್ನು ಸೆರೆಮನೆಗೆ ಸಾಗಿಸುವ ನೆಪದಲ್ಲಿ ಕರೆದೊಯ್ದು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಮದೇರೊ ಅವರಿಗೆ ಮೂವತ್ತೊಂಬತ್ತು ವರ್ಷ. ಅದೇ ಅಕ್ಟೋಬರ್‌ನಲ್ಲಿ ವೆರ್ತಾ ಸಂಸತ್ತನ್ನು ವಿಸರ್ಜಿಸಿ ಹಲವು ಸದಸ್ಯರನ್ನು ಜೈಲಿಗೆ ತಳ್ಳಿದರು.

ಬದುಕು ಇಲ್ಲಿಗೆ ಮುಗಿಯಿತು, ಘೋಷಣೆ ಉಳಿಯಿತು. 1917ರ ಸಂವಿಧಾನ ಅಧ್ಯಕ್ಷರ ಮರು ಆಯ್ಕೆಯನ್ನು ನಿಷೇಧಿಸಿತು. ಜನರಲ್ ಒಬ್ರೆಗೊನ್ ಅವರಿಗಾಗಿ ಅದನ್ನು ಸಡಿಲಿಸಲಾಯಿತು. 1928ರ ಜುಲೈನಲ್ಲಿ ಮತ್ತೆ ಗೆದ್ದ ಅವರು ಅಧಿಕಾರ ವಹಿಸುವ ಮೊದಲೇ ಹತ್ಯೆಯಾದರು. ಈ ಆಘಾತದ ಬೆನ್ನಲ್ಲೇ, 1929ರಲ್ಲಿ, ಜನರಲ್ ಕಾಯೆಸ್ ಎಲ್ಲ ಬಣಗಳನ್ನೂ ಒಗ್ಗೂಡಿಸಿ ಒಂದು ಪಕ್ಷ ಕಟ್ಟಿದರು. 1933ರಲ್ಲಿ ಆ ಪಕ್ಷ ಮದೇರೊ ಅವರ ತತ್ತ್ವದ ಹೆಸರಿನಲ್ಲಿಯೇ ಸಂವಿಧಾನವನ್ನು ತಿದ್ದಿತು. ಅಧ್ಯಕ್ಷರಿಗೆ ಎರಡನೆಯ ಅವಧಿ ಎಂದೆಂದಿಗೂ ಇಲ್ಲ ಎಂಬುದು ಅದರ ಒಂದು ಭಾಗ. ಕೆಳಮನೆ ಮತ್ತು ಸೆನೆಟ್ ಸದಸ್ಯರೂ ಸತತವಾಗಿ ಎರಡನೆಯ ಸಲ ಸ್ಪರ್ಧಿಸುವಂತಿಲ್ಲ ಎಂಬುದು ಮತ್ತೊಂದು ಭಾಗ.

ಮುಂದೆ ನಡೆದದ್ದನ್ನು ಅರಿಯಲು ಸರ್ಕಾರಿ ಕಚೇರಿಯ ಅನುಭವ ಸಾಕು. ಅಧಿಕಾರಿಯೊಬ್ಬ ಯಾರ ಮಾತಿಗೆ ಕಿವಿಗೊಡುತ್ತಾನೆ ಎಂದು ತಿಳಿಯಬೇಕಾದರೆ, ಅವನ ಮುಂದಿನ ವರ್ಗಾವಣೆಯ ಆದೇಶಕ್ಕೆ ಸಹಿ ಹಾಕುವವರು ಯಾರು ಎಂದು ನೋಡಬೇಕು. ಕೆಳಮನೆಯ ಸದಸ್ಯನ ಅವಧಿ ಮೂರು ವರ್ಷ. ಆಮೇಲೆ ಕ್ಷೇತ್ರದ ಮತದಾರ ಅವನಿಗೆ ಕೊಡಬಹುದಾದದ್ದು ಏನೂ ಇಲ್ಲ, ಕಿತ್ತುಕೊಳ್ಳಬಹುದಾದದ್ದೂ ಇಲ್ಲ. ಸೆನೆಟ್ ಸ್ಥಾನವಿರಲಿ, ಗವರ್ನರ್ ಹುದ್ದೆಯಿರಲಿ, ಇಲಾಖೆಯ ನೇಮಕವಿರಲಿ, ಎಲ್ಲವೂ ಪಕ್ಷದ ಕೈಯಲ್ಲಿ. ಪಕ್ಷ ಅಧ್ಯಕ್ಷರ ಕೈಯಲ್ಲಿ. ಉದ್ಯೋಗದಾತ ಬದಲಾದರೆ ನಿಷ್ಠೆಯೂ ಬದಲಾಗುತ್ತದೆ ಎಂಬ ಅರ್ಥಶಾಸ್ತ್ರದ ಸರಳ ನಿಯಮ ಇಲ್ಲಿ ಕೆಲಸ ಮಾಡಿತು. ಅಧ್ಯಕ್ಷರು ಕಳುಹಿಸಿದ ಮಸೂದೆಗಳಿಗೆ ಸಂಸತ್ತು ದಶಕಗಳ ಕಾಲ ತಲೆದೂಗುತ್ತಲೇ ಬಂದಿತು. ಲೆಕ್ಕಪತ್ರ, ಬಜೆಟ್ಟುಗಳನ್ನು ಅರೆದು ಕುಡಿದ ಹಿರಿಯ ಸದಸ್ಯರು ಬೆಳೆಯಲೇ ಇಲ್ಲ; ಕೆಲಸ ಕಲಿಯುವಷ್ಟರಲ್ಲಿ ಮನೆಗೆ ಹೋಗುವ ಹೊತ್ತಾಗುತ್ತಿತ್ತು. ಅಧ್ಯಕ್ಷರು ಆರು ವರ್ಷಕ್ಕೊಮ್ಮೆ ತಪ್ಪದೆ ಬದಲಾದರು, ಪಕ್ಷ ಮಾತ್ರ 2000ದವರೆಗೆ ಬದಲಾಗಲಿಲ್ಲ. ಇಷ್ಟೂ ಕಾಲ ಸರ್ಕಾರಿ ಪತ್ರಗಳ ಕೊನೆಯಲ್ಲಿ, ಸಹಿಯ ಮೇಲೆ, ಮದೇರೊ ಅವರ ಎರಡು ಭಾಗಗಳ ಘೋಷಣೆಯನ್ನು ಬೆರಳಚ್ಚು ಮಾಡುವ ಪದ್ಧತಿ ಇತ್ತು. ಎರಡನೆಯ ಭಾಗ ಜಾರಿಯಲ್ಲಿತ್ತು, ಮೊದಲನೆಯದು ಕಾಗದದಲ್ಲಿತ್ತು.

ದಿಯಾಸ್ ಕಾಲದಲ್ಲಿ ಸಂಸತ್ ಸದಸ್ಯರಿಗೆ ಯಾವ ಮಿತಿಯೂ ಇರಲಿಲ್ಲ, ಆದರೂ ಅವರು ಗುಲಾಮರೇ ಆಗಿದ್ದರಲ್ಲವೇ ಎಂದು ಕೇಳಬಹುದು. ನಿಜ. ಹಾಗೆಂದೇ ನಾನು ಅವಧಿ ಮಿತಿ ಇಲ್ಲದಿದ್ದರೆ ಎಲ್ಲವೂ ಸರಿಯಾಗುತ್ತದೆ ಎಂದು ವಾದಿಸುತ್ತಿಲ್ಲ. ಮೆಕ್ಸಿಕೊದ ಸಂಸತ್ತು ಎಚ್ಚೆತ್ತದ್ದು ಯಾವಾಗ ಎಂಬುದೇ ಉತ್ತರ. 1996ರಲ್ಲಿ ಚುನಾವಣಾ ಸಂಸ್ಥೆ ಸರ್ಕಾರದ ಹಿಡಿತದಿಂದ ಹೊರಬಂದಿತು. 1997ರಲ್ಲಿ ಆಳುವ ಪಕ್ಷ ಕೆಳಮನೆಯಲ್ಲಿ ಬಹುಮತ ಕಳೆದುಕೊಂಡಿತು. ಮರು ಆಯ್ಕೆಯ ನಿಷೇಧ ಆಗಲೂ ಇತ್ತು. ಬದಲಾದದ್ದು ಒಂದೇ, ಮತಕ್ಕೆ ಬೆಲೆ ಬಂದದ್ದು. 2014ರ ತಿದ್ದುಪಡಿ ಶಾಸಕರಿಗೆ ಸತತ ಹನ್ನೆರಡು ವರ್ಷಗಳವರೆಗೆ ಅವಕಾಶ ಕೊಟ್ಟಿತು. 2025ರ ಇನ್ನೊಂದು ತಿದ್ದುಪಡಿ 2030ರಿಂದ ನಿಷೇಧವನ್ನು ಮರಳಿ ತಂದಿದೆ. ಮದೇರೊ ಅವರ ಘೋಷಣೆಯ ಮೋಹ ಇನ್ನೂ ಮಾಸಿಲ್ಲ ಎಂದಾಯಿತು.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆ? 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿದ ಮೇಲೆ ಪಕ್ಷದ ವಿಪ್ ಮೀರಿ ಮತ ಹಾಕಿದ ಸಂಸದ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಟಿಕೆಟ್ ಹಂಚುವುದು ಬಹುತೇಕ ಪಕ್ಷಗಳಲ್ಲಿ ಕೆಲವೇ ಜನರ ಮರ್ಜಿ. ಇಷ್ಟರ ನಡುವೆಯೂ ನಮ್ಮ ಸಂಸದನಿಗೆ ವರಿಷ್ಠರ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಲ್ಲಲು ಇರುವ ಒಂದೇ ಆಸರೆ, ಕ್ಷೇತ್ರಕ್ಕೆ ಹೋದರೆ ಜನ ಮತ್ತೆ ಗೆಲ್ಲಿಸುತ್ತಾರೆ ಎಂಬ ಧೈರ್ಯ. ಎರಡು ಅವಧಿಯ ಮಿತಿ ತಂದರೆ ನಾವು ಕಿತ್ತುಕೊಳ್ಳುವುದು ಆ ಧೈರ್ಯವನ್ನು. ಭ್ರಷ್ಟನೂ ಮನೆಗೆ ಹೋಗುತ್ತಾನೆ, ಸಮರ್ಥನೂ ಹೋಗುತ್ತಾನೆ. ಮುಂದಿನ ಹುದ್ದೆ ಹಂಚುವವರು ಮಾತ್ರ ಇದ್ದಲ್ಲೇ ಇರುತ್ತಾರೆ. ಕ್ಷೇತ್ರವನ್ನು ಸ್ವತ್ತು ಮಾಡಿಕೊಂಡವನಂತೂ ಅದನ್ನು ಮಗನಿಗೋ ಸೊಸೆಗೋ ವಹಿಸಿ ಹೋಗುತ್ತಾನೆ.

ಮಿತಿ ಹಾಕಲೇಬೇಕೆಂದಿದ್ದರೆ ಮದೇರೊ ಹಾಕಿದಲ್ಲಿಯೇ ಹಾಕೋಣ. ಆದೇಶ ಹೊರಡಿಸುವ ಕುರ್ಚಿಗೆ, ಹಾಗೂ ಟಿಕೆಟ್ ಹಂಚುವ ಪಕ್ಷಾಧ್ಯಕ್ಷರ ಕುರ್ಚಿಗೆ. ಸದನದಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವನನ್ನು ಮನೆಗೆ ಕಳುಹಿಸುವ ಕೆಲಸ ಮತದಾರನ ಬಳಿಯೇ ಇರಲಿ. ಐದು ವರ್ಷಕ್ಕೊಮ್ಮೆ ಅವನಿಗೆ ಸಿಗುವ ಆ ಒಂದು ಅಧಿಕಾರವನ್ನು, ಅವನ ಒಳಿತಿಗಾಗಿಯೇ ಎಂದು ಹೇಳಿ, ನಾವು ಕಸಿದುಕೊಳ್ಳಬಾರದು.