ಮಹರ್ಷಿಯ ಸಾಲ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿರುವುದು ನಮ್ಮ ಜಿಲ್ಲೆಯ ಶಾಲಾ ಮಕ್ಕಳಿಗೂ ಗೊತ್ತು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ಇಪ್ಪತ್ತೆರಡರ ತರುಣ ರವೀಂದ್ರರು ಬಂದು ಉಳಿದಿದ್ದರು. ಅವರ ಬಗ್ಗೆ ಪ್ರತಿ ವರ್ಷ ಭಾಷಣ ಸ್ಪರ್ಧೆ ನಡೆಯುತ್ತದೆ. ನಾನು ಬರೆಯಹೊರಟಿದ್ದು ಅವರ ತಂದೆ ದೇವೇಂದ್ರನಾಥರ ಬಗ್ಗೆ. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವ ನಮ್ಮಂಥವರ ಪಾಲಿಗೆ ಅವರು ಗೈಡಿನ ಒಂದು ಸಾಲು ಮಾತ್ರ: ಬ್ರಹ್ಮಸಮಾಜ, ತತ್ತ್ವಬೋಧಿನಿ ಸಭೆ, 1839. ಮೂವತ್ತರ ವಯಸ್ಸಿನಲ್ಲಿ ಆ ಮನುಷ್ಯ ದಿವಾಳಿಯ ಬಾಗಿಲಲ್ಲಿ ನಿಂತಿದ್ದ ಎಂದು ಯಾವ ಗೈಡೂ ಹೇಳುವುದಿಲ್ಲ.

ದೇವೇಂದ್ರನಾಥರು ಹುಟ್ಟಿದ್ದು 1817ರ ಮೇ 15ರಂದು, ಕಲ್ಕತ್ತೆಯಲ್ಲಿ. ತಂದೆ ದ್ವಾರಕಾನಾಥರನ್ನು ಜನ ಪ್ರಿನ್ಸ್ ಎಂದೇ ಕರೆಯುತ್ತಿದ್ದರು. ನೀಲಿ, ರೇಷ್ಮೆ, ಅಫೀಮು, ರಾಣಿಗಂಜದ ಕಲ್ಲಿದ್ದಲು, ಉಗಿಹಡಗು, ಎಲ್ಲದರಲ್ಲೂ ಅವರ ಕೈ ಇತ್ತು. 1834ರಲ್ಲಿ ಇಂಗ್ಲಿಷರ ಜೊತೆ ಸೇರಿ ಕಾರ್, ಟ್ಯಾಗೋರ್ ಅಂಡ್ ಕಂಪನಿ ಕಟ್ಟಿದರು. 1829ರಲ್ಲಿ ಶುರುವಾದ ಯೂನಿಯನ್ ಬ್ಯಾಂಕಿನ ಹಿಂದೆಯೂ ಅವರೇ ಇದ್ದರು. (ಈಗ ನಮ್ಮ ಪೇಟೆಯಲ್ಲಿ ಕಾಣುವ ಯೂನಿಯನ್ ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ.) ಮಗನೂ ತರುಣನಾಗಿ ಅದೇ ಬ್ಯಾಂಕಿನಲ್ಲಿ ಕೆಲಸ ಮಾಡಿದ. ಆದರೆ ಅವನ ಮನಸ್ಸು ಲೆಕ್ಕದ ಪುಸ್ತಕದಲ್ಲಿ ನಿಲ್ಲಲಿಲ್ಲ. ಹರಿದುಬಂದ ಒಂದು ಹಾಳೆಯಲ್ಲಿ ಈಶೋಪನಿಷತ್ತಿನ ಶ್ಲೋಕ ಸಿಕ್ಕಿ, ಪಂಡಿತರಿಂದ ಅರ್ಥ ತಿಳಿದ ಮೇಲೆ ಅವನ ದಾರಿಯೇ ಬದಲಾಯಿತು.

ದ್ವಾರಕಾನಾಥರು ಒಂದು ಜಾಣ ಕೆಲಸ ಮಾಡಿದ್ದರು. ವ್ಯಾಪಾರದಲ್ಲಿ ಏರಿದವನು ಇಳಿಯಲೂಬಹುದು ಎಂದು ಅವರಿಗೆ ಗೊತ್ತಿತ್ತು. 1840ರಲ್ಲಿ, ಕೈಯಲ್ಲಿ ಬೇಕಾದಷ್ಟು ಹಣವಿದ್ದಾಗಲೇ, ಕೆಲವು ಜಮೀನ್ದಾರಿಗಳನ್ನು ಮಕ್ಕಳ ಹೆಸರಿನಲ್ಲಿ ಟ್ರಸ್ಟ್ ಮಾಡಿಟ್ಟರು. ಕಂಪನಿಯ ಸಾಲಕ್ಕೆ ಯಾರೂ ಆ ಆಸ್ತಿಯನ್ನು ಮುಟ್ಟುವಂತಿರಲಿಲ್ಲ. 1846ರ ಆಗಸ್ಟ್ 1ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು. ಮೂರ್ತಿಪೂಜೆಯ ವಿಧಿಯಲ್ಲಿ ಶ್ರಾದ್ಧ ಮಾಡಲು ದೇವೇಂದ್ರನಾಥರು ಒಪ್ಪದ್ದರಿಂದ ನೆಂಟರು ದೂರವಾದರು. ಒಂದೂವರೆ ವರ್ಷದೊಳಗೆ, 1848ರ ಆರಂಭದಲ್ಲಿ, ಯೂನಿಯನ್ ಬ್ಯಾಂಕ್ ಮುಳುಗಿತು. ಕಾರ್, ಟ್ಯಾಗೋರ್ ಕಂಪನಿಯೂ ಬಾಗಿಲು ಹಾಕಿತು.

ಸಾಲ ಕೊಟ್ಟವರ ಸಭೆ ಸೇರಿತು. ಕಂಪನಿಯ ಮ್ಯಾನೇಜರ್ ಲೆಕ್ಕ ಮುಂದಿಟ್ಟ: ಕೊಡಬೇಕಾದದ್ದು 1 ಕೋಟಿ ರೂಪಾಯಿ, ಬರಬೇಕಾದದ್ದು ಮತ್ತು ಇರುವುದು ಸೇರಿ 70 ಲಕ್ಷ. ಮೂವತ್ತು ಲಕ್ಷದ ಕೊರತೆ. ಅದು 1848ರ ಮೂವತ್ತು ಲಕ್ಷ! ಟ್ರಸ್ಟ್ ಆಸ್ತಿಗೆ ಯಾರೂ ಕೈ ಹಾಕುವಂತಿಲ್ಲ ಎಂದೂ ಅವನು ಸ್ಪಷ್ಟಪಡಿಸಿದ. ಆಗ ದೇವೇಂದ್ರನಾಥರು ತಮ್ಮ ಗಿರೀಂದ್ರನಾಥನ ಜೊತೆ ಮಾತಾಡಿಕೊಂಡು, ಟ್ರಸ್ಟ್ ಆಸ್ತಿಯನ್ನೂ ಸಾಲಕ್ಕೆ ಒಪ್ಪಿಸುತ್ತೇವೆ ಎಂದು ತಿಳಿಸಿದರು. ಕಲ್ಕತ್ತೆಯಲ್ಲಿ 1828ರಿಂದಲೇ ದಿವಾಳಿ ಕೋರ್ಟ್ ಇತ್ತು. ಅಲ್ಲಿಗೆ ಹೋಗಿ ಕೈ ತೊಳೆದುಕೊಳ್ಳುವ ದಾರಿಯನ್ನೂ ಅವರು ಹಿಡಿಯಲಿಲ್ಲ. ಕೂಗಾಡಲು ಬಂದವರಲ್ಲಿ ಕೆಲವರ ಕಣ್ಣು ಒದ್ದೆಯಾಯಿತಂತೆ. ಆಸ್ತಿ ನೋಡಿಕೊಳ್ಳಲು ಅವರು ಒಂದು ಸಮಿತಿ ಮಾಡಿ, ಟ್ಯಾಗೋರ್ ಕುಟುಂಬದ ಹೊಟ್ಟೆಪಾಡಿಗೆ ವರ್ಷಕ್ಕಿಷ್ಟು ಎಂದು ಗೊತ್ತುಮಾಡಿದರು.

ಮನೆಯ ಸಾಮಾನು ಹರಾಜಾಯಿತು, ಆಳುಕಾಳು ಕಡಿಮೆಯಾದರು, ಊಟ ಸರಳವಾಯಿತು. ಮುಂದೆ ಕಾರವಾರದಲ್ಲಿ ನ್ಯಾಯಪೀಠದಲ್ಲಿ ಕೂರಲಿದ್ದ ಸತ್ಯೇಂದ್ರನಾಥನಿಗೆ ಆಗಿನ್ನೂ ಐದು ವರ್ಷ.

ಈ ಕಥೆ ಓದಿ, ಸಾಲಕ್ಕೆ ಎಲ್ಲವನ್ನೂ ಬಿಟ್ಟುಕೊಡುವುದೇ ದೊಡ್ಡತನ ಎಂದುಕೊಂಡರೆ ನನ್ನ ತಕರಾರಿದೆ. ದೇವೇಂದ್ರನಾಥರು ಎಲ್ಲ ಕೊಟ್ಟ ಮೇಲೂ ಅವರಿಗೆ ವರ್ಷಾಶನವಿತ್ತು, ತಲೆ ಮೇಲೆ ಜೋಡಾಸಾಂಕೋದ ಮನೆ ಇತ್ತು. ಬೇಲೆಕೇರಿಯಲ್ಲಿ ಬಲೆ ಮಾರಿ ಕಂತು ಕಟ್ಟಿದವನಿಗೆ ಮರುದಿನ ಕಡಲಿಗಿಳಿಯಲು ಏನಿದೆ? ನನ್ನ ಜೊತೆ ಓದಿದವನೊಬ್ಬ ಕೆಲಸ ಸಿಗುವವರೆಗೆ ಎಂದು ಫೋನಿನ ಆ್ಯಪ್‌ನಿಂದ ಸ್ವಲ್ಪ ಸಾಲ ತೆಗೆದ. ಎರಡು ಕಂತು ತಪ್ಪಿದ್ದೇ, ಅವನ ಫೋನಿನಲ್ಲಿದ್ದ ನಮಗೆಲ್ಲ ಅವನು ಕಳ್ಳನೆಂಬ ಮೆಸೇಜು ಬಂತು. ಅವನ ಅವ್ವಿ ಕರಿಮಣಿ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಇಡಬೇಕಾಗಿರಲಿಲ್ಲ ಎಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಕೋರ್ಟಿನ ಡಿಕ್ರಿ ಹಿಡಿದು ಬಂದರೂ ಜಪ್ತಿ ಮಾಡಲಾಗದ ವಸ್ತುಗಳಿವೆ. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಬಿಡಲಾಗದ ಆಭರಣ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ, ರೈತ ಮತ್ತು ಕೂಲಿಯವನು ವಾಸಿಸುವ ಮನೆ, ಭವಿಷ್ಯನಿಧಿ. ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಸಂಬಳದ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವೂ ಸುರಕ್ಷಿತ. ಆದರೆ ನಾವಾಗಿಯೇ ಅಡವಿಟ್ಟ ಬಂಗಾರಕ್ಕೆ, ಮನೆಗೆ ಈ ರಕ್ಷಣೆಯನ್ನು ನಂಬಿ ಕೂರಬಾರದು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ. ನಿಜವಾಗಿ ಕೈಯಲ್ಲಿಲ್ಲದವನನ್ನು ಬಡತನದ ಕಾರಣಕ್ಕೇ ಸಿವಿಲ್ ಜೈಲಿಗೆ ಕಳಿಸಬಾರದೆಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸಾಲದ ಆ್ಯಪ್ ನಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕಬಾರದೆಂದು 2022ರಲ್ಲೇ ಆದೇಶವಾಗಿದೆ. ಬ್ಯಾಂಕು, ಫೈನಾನ್ಸ್ ಕಂಪನಿ ದೂರು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. 2025ರಲ್ಲಿ ಕರ್ನಾಟಕ ಸರಕಾರ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದು ನಂತರ ಕಾಯ್ದೆಯನ್ನೇ ಮಾಡಿತು. ವಕೀಲರ ಫೀಸು ಕೊಡಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಇನ್ನು ದಿವಾಳಿ. ನಮ್ಮಲ್ಲಿ ಅದು ಬೈಗುಳ, ಕಾನೂನಿನಲ್ಲಿ ಅದೊಂದು ಅರ್ಜಿ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ವ್ಯಕ್ತಿಗಳ ಭಾಗ ಇನ್ನೂ ಜಾರಿಗೆ ಬಾರದ ಕಾರಣ, ನಮ್ಮಂಥ ಊರುಗಳಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಇಂದಿಗೂ ಆಧಾರ. ಕೋರ್ಟು ದಿವಾಳಿ ಎಂದು ಘೋಷಿಸಿದರೆ ಜಪ್ತಿಗೆ ಸಿಗುವ ಆಸ್ತಿ ರಿಸೀವರ್ ಕೈಗೆ ಹೋಗುತ್ತದೆ, ಸಾಲ ಕೊಟ್ಟವರು ಒಬ್ಬೊಬ್ಬರಾಗಿ ಎಳೆದಾಡುವುದು ನಿಲ್ಲುತ್ತದೆ. ಒಂದು ಎಚ್ಚರಿಕೆ ಬೇಕು. ಸಾಲ ಕುತ್ತಿಗೆಗೆ ಬಂದಾಗ ಹಿತ್ತಿಲನ್ನು ಭಾವನ ಹೆಸರಿಗೆ ಬರೆದುಕೊಟ್ಟು ಪಾರಾಗುತ್ತೇನೆ ಎನ್ನುವವರು ನಮ್ಮ ಕಡೆ ಬಹಳ. ದಿವಾಳಿಗೆ ಹಿಂದಿನ ಎರಡು ವರ್ಷದಲ್ಲಿ ಹಾಗೆ ಸುಮ್ಮನೆ ಬರೆದುಕೊಟ್ಟದ್ದನ್ನು ಕೋರ್ಟು ರದ್ದು ಮಾಡಬಹುದು. ದ್ವಾರಕಾನಾಥರ ಟ್ರಸ್ಟ್ ಕಾನೂನಿನ ಮುಂದೆ ಗಟ್ಟಿಯಾಗಿ ನಿಂತದ್ದು ಮುಳುಗುವ ಎಂಟು ವರ್ಷ ಮೊದಲು, ಕೈ ತುಂಬಿದ್ದಾಗ ಮಾಡಿದ್ದರಿಂದ.

ದೇವೇಂದ್ರನಾಥರಿಗೂ ಎಲ್ಲ ಸುಸೂತ್ರವಾಗಲಿಲ್ಲ. ಕೆಲ ಕಾಲದ ನಂತರ ಆಸ್ತಿಯ ಆಡಳಿತ ಅಣ್ಣತಮ್ಮಂದಿರ ಕೈಗೇ ಬಂದು, ಆದಾಯದಿಂದ ಸಾಲ ಇಳಿಯತೊಡಗಿತು. 1854ರಲ್ಲಿ ಗಿರೀಂದ್ರನಾಥ ತೀರಿಕೊಂಡ. ಲೆಕ್ಕ ನೋಡುತ್ತಿದ್ದವನು ಅವನೇ. ಬಾಕಿ ಸಾಲ ಅಣ್ಣನ ಹೆಗಲಿಗೆ ಬಿತ್ತು, ಒಮ್ಮೆ ಕೋರ್ಟಿನ ವಾರಂಟಿನ ಮೇಲೆ ಅವರನ್ನು ಹಿಡಿದೊಯ್ದದ್ದೂ ಆಯಿತು. ಊರಿಗೆಲ್ಲ ಋಷಿಯಂತಿದ್ದವರಿಗೆ ಆ ದಿನ ಹೇಗಿದ್ದಿರಬೇಕು! 1856ರಲ್ಲಿ ಅವರು ಹಿಮಾಲಯದ ಕಡೆ ಹೋದರು, ಮರಳಿದ್ದು 1858ರಲ್ಲಿ. ಸಾಲದಿಂದ ಬೇಸತ್ತು ಓಡಿದರು ಎಂದು ನಾನು ಹೇಳಲಾರೆ. ಬಂದ ಮೇಲೆ ತೀರಿಸುವುದನ್ನು ಮುಂದುವರಿಸಿದರು. ಬೋಲ್ಪುರದ ಬಳಿ ಮುಂದೆ ಶಾಂತಿನಿಕೇತನವಾದ ಜಾಗವನ್ನು 1863ರಲ್ಲಿ ಪಡೆದರು.

ತಂದೆ ಬದುಕಿದ್ದಾಗ ಕಲ್ಕತ್ತೆಯ ಜಿಲ್ಲಾ ಧರ್ಮಾರ್ಥ ಸಂಸ್ಥೆಗೆ 1 ಲಕ್ಷ ರೂಪಾಯಿ ಕೊಡುವುದಾಗಿ ಮಾತು ಕೊಟ್ಟಿದ್ದರು. ಎಷ್ಟೋ ವರ್ಷಗಳ ನಂತರ ಮಗ ಅದನ್ನು ಬಡ್ಡಿ ಸಮೇತ ಕಟ್ಟಿದರು. 1905ರ ಜನವರಿ 19ರಂದು ತೀರಿಕೊಂಡಾಗ ಅವರಿಗೆ 87 ವರ್ಷ.

ಅಂದು ಸಭೆಯಲ್ಲಿ ಒಪ್ಪಿಸಿದ ಟ್ರಸ್ಟ್ ಜಮೀನು ಕೊನೆಗೆ ಕುಟುಂಬದಲ್ಲೇ ಉಳಿಯಿತು. 1890ರ ದಶಕದಲ್ಲಿ ಶಿಲೈದಹ, ಶಹಜಾದ್‌ಪುರಗಳಲ್ಲಿ ಅದರ ಲೆಕ್ಕಪತ್ರ, ರೈತರ ಬಾಕಿ ನೋಡಲು ಅಪ್ಪ ಕಳಿಸಿದ್ದು ಕಾರವಾರದಲ್ಲಿ ಕಡಲು ನೋಡುತ್ತಿದ್ದ ಆ ಕಿರಿಮಗನನ್ನೇ. ಅವರು ಅಲ್ಲಿ ನದಿಯ ಮೇಲೆ ದೋಣಿಮನೆಯಲ್ಲಿರುತ್ತಿದ್ದರು.